ಹಳೆಯ ಕಾರಿನ ಎಂಜಿನ್ ಸದ್ದು: ಬರುವ ಹೊತ್ತು ನೋಡಿ ಮೂಲ ಹಿಡಿಯುವ ಬಗೆ

‘ಎಂಜಿನ್ನಿಂದ ಟಕಟಕ ಸದ್ದು ಬರ್ತಿದೆ’ ಎಂದಷ್ಟೇ ಹೇಳಿದರೆ ಎಂಥ ಮೆಕ್ಯಾನಿಕ್‌ಗೂ ಏನೂ ಗೊತ್ತಾಗುವುದಿಲ್ಲ. ಒಬ್ಬರಿಗೆ ಟಕಟಕ ಎಂದು ಕೇಳಿದ್ದು ಇನ್ನೊಬ್ಬರಿಗೆ ಕಟಕಟ. ಆದರೆ ಸದ್ದು ಎಂಜಿನ್ ತಣ್ಣಗಿದ್ದಾಗ ಬರುತ್ತದೋ ಬಿಸಿಯಾದ ಮೇಲೋ, ಏರು ಹತ್ತುವಾಗಲೋ ಆಕ್ಸಿಲರೇಟರ್ ಬಿಟ್ಟಾಗಲೋ, ಕ್ಲಚ್ ಒತ್ತಿದರೆ ಬದಲಾಗುತ್ತದೋ ಇಲ್ಲವೋ ಎಂಬುದು ತಿಳಿದರೆ ಬಾನೆಟ್ ಎತ್ತುವ ಮೊದಲೇ ಅರ್ಧ ಕೆಲಸ ಆಗಿರುತ್ತದೆ. ಇಲ್ಲಿನ ವಿಭಾಗಗಳು ಕಿವಿಗೆ ಬೀಳುವ ಲಕ್ಷಣದ ಮೇಲಿವೆ. ಖರ್ಚಿಲ್ಲದ ಪರೀಕ್ಷೆ ಮೊದಲು, ಎಂಜಿನ್ ಬಿಚ್ಚಿಸುವಂಥದ್ದು ಕೊನೆಗೆ.

ಕೂಡಲೇ ಆಫ್ ಮಾಡಬೇಕಾದ ಸಂದರ್ಭಗಳು

ಎಂಜಿನ್ ಓಡುತ್ತಿರುವಾಗ ಕೆಂಪು ಆಯಿಲ್ ದೀಪ ಹತ್ತಿದರೆ, ಸದ್ದಿರಲಿ ಇಲ್ಲದಿರಲಿ, ಗಾಡಿಯನ್ನು ಬದಿಗೆ ಹಾಕಿ ಆಫ್ ಮಾಡಿ. ಆ ದೀಪ ತೋರಿಸುವುದು ಆಯಿಲ್ ಮಟ್ಟವನ್ನಲ್ಲ, ಒತ್ತಡವನ್ನು. ಸಾಮಾನ್ಯವಾಗಿ ಒತ್ತಡ 0.3ರಿಂದ 0.5 ಬಾರ್‌ಗೆ ಇಳಿದ ಮೇಲಷ್ಟೇ ಅದು ಹತ್ತುತ್ತದೆ. ಅಷ್ಟರಲ್ಲಿ ಬೇರಿಂಗ್‌ಗೂ ಕ್ರ್ಯಾಂಕ್‌ಗೂ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ) ನಡುವಿನ ಆಯಿಲ್ ಪದರ ತೆಳುವಾಗಿಬಿಟ್ಟಿರುತ್ತದೆ. ‘ಇನ್ನೆರಡು ಕಿಲೋಮೀಟರ್, ಮನೆ ಮುಟ್ಟಿಬಿಡೋಣ’ ಎಂಬ ಲೆಕ್ಕಾಚಾರ ಇಲ್ಲಿ ತುಂಬ ದುಬಾರಿ.

ಕಾಲಡಿಯ ತಗಡಿಗೂ ತಟ್ಟುವಂಥ ಭಾರವಾದ ದಡ್ ದಡ್ ಬಡಿತ, ಕೆಂಪು ಗೆರೆ ಮುಟ್ಟಿದ ಟೆಂಪರೇಚರ್ ಮುಳ್ಳು, ಪೆಟ್ರೋಲ್ ವಾಸನೆ, ಸುಟ್ಟ ರಬ್ಬರ್ ವಾಸನೆ, ಇವು ಕಂಡರೂ ಅಷ್ಟೇ. ಮತ್ತೆ ಸ್ಟಾರ್ಟ್ ಮಾಡಿ ‘ಕೇಳಿ ನೋಡುವುದು’ ಬೇಡ, ಟೋ ಮಾಡಿಸಿ.

ಸದ್ದು ಎಂಜಿನ್‌ನದೇ ಹೌದೇ?

ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್‌ನಲ್ಲಿ ನಿಧಾನಕ್ಕೆ 2,500 ಆರ್‌ಪಿಎಂವರೆಗೆ (ಎಂಜಿನ್ ನಿಮಿಷಕ್ಕೆ ಹಾಕುವ ಸುತ್ತು) ರೇಸ್ ಮಾಡಿ. ಸದ್ದು ಬಂದರೆ ಅದು ಎಂಜಿನ್‌ನದು ಅಥವಾ ಅದಕ್ಕೆ ಅಂಟಿಕೊಂಡ ಭಾಗದ್ದು. ನಿಂತಲ್ಲಿ ಬರದೆ ಓಡುವಾಗ ಮಾತ್ರ ಬಂದರೆ, ಅದೇ ವೇಗದಲ್ಲಿ ಗೇರ್ ಒಂದು ಮೇಲೆ ಅಥವಾ ಕೆಳಗೆ ಹಾಕಿ ನೋಡಿ. ಆರ್‌ಪಿಎಂ ಬದಲಾದರೂ ಸದ್ದು ಬದಲಾಗದಿದ್ದರೆ ವೀಲ್ ಬೇರಿಂಗ್, ಟೈರ್, ಡ್ರೈವ್ ಶಾಫ್ಟ್ ಕಡೆ ಹುಡುಕಬೇಕು. ನಿಂತಲ್ಲಿ ಸುಮ್ಮನಿದ್ದು, ಲೋಡ್ ಬಿದ್ದಾಗ ಮಾತ್ರ ಆರ್‌ಪಿಎಂ ಜೊತೆ ಏರಿಳಿಯುವ ಸದ್ದಾದರೆ ಅದೂ ಎಂಜಿನ್‌ನದೇ. ಅದು ಮುಂದೆ ಏರಿನ ವಿಭಾಗದಲ್ಲಿದೆ.

ಆಯಿಲ್ ನೋಡದೆ ಸ್ಪಾನರ್ ಹಿಡಿಯಬೇಡಿ

ಎಂಜಿನ್ ಆಫ್ ಮಾಡಿ 5ರಿಂದ 10 ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಎಳೆಯಿರಿ. ಒರೆಸಿ, ಪೂರ್ತಿ ಒಳಗೆ ತಳ್ಳಿ, ಮತ್ತೆ ಎಳೆದು ನೋಡಿ. ಹೆಚ್ಚಿನ ಕಾರುಗಳಲ್ಲಿ ಕೆಳಗಿನ ಗುರುತಿಗೂ ಮೇಲಿನದಕ್ಕೂ ಸುಮಾರು 1 ಲೀಟರ್ ಅಂತರ. ಕೆಳಗಿನ ಗುರುತೂ ಒದ್ದೆಯಾಗದಿದ್ದರೆ ಅರ್ಧ ಲೀಟರ್ ಹಾಕಿ, ಕಾದು, ಅಳೆದು, ಆಮೇಲೆ ಉಳಿದದ್ದು. ಒಮ್ಮೆಗೇ ಸುರಿದು ಮೇಲಿನ ಗುರುತು ದಾಟಿಸಿದರೆ ಕ್ರ್ಯಾಂಕ್ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ. ನೊರೆ ತುಂಬಿದ ಆಯಿಲ್‌ನಿಂದ ಹೈಡ್ರಾಲಿಕ್ ಲಿಫ್ಟರ್‌ಗಳು (ವಾಲ್ವ್ ತೆರೆಯುವಾಗಿನ ಸಂದನ್ನು ಆಯಿಲ್ ಒತ್ತಡದಿಂದ ತುಂಬುವ ಭಾಗಗಳು) ಟಿಕ್ ಟಿಕ್ ಶುರುಮಾಡುತ್ತವೆ. ಕಡಿಮೆಯಾದರೂ ಸದ್ದು, ಹೆಚ್ಚಾದರೂ ಸದ್ದು.

ಆಯಿಲ್‌ನ ಬಣ್ಣಕ್ಕಿಂತ ಅದರ ಗುಣ ನೋಡಿ. ಕಪ್ಪಾಗಿದ್ದರೆ ಗಾಬರಿ ಬೇಡ, ಡೀಸೆಲ್ ಎಂಜಿನ್‌ನಲ್ಲಿ ಅದು ಮಾಮೂಲು. ಬೆರಳುಗಳ ನಡುವೆ ನೀರಿನಂತೆ ಹರಿದು ಪೆಟ್ರೋಲ್ ವಾಸನೆ ಹೊಡೆದರೆ ಇಂಧನ ಬೆರೆತಿದೆ. ಹಾಲು ಬೆರೆಸಿದಂತೆ ಕಂದು ಬಿಳುಪಾಗಿದ್ದರೆ ಕೂಲೆಂಟ್ ಸೇರಿರಬಹುದು, ಅಂಥ ಎಂಜಿನ್ ಓಡಿಸಬಾರದು. ಇತ್ತೀಚೆಗೆ ಆಯಿಲ್ ಬದಲಿಸಿದ ಮೇಲೇ ಸದ್ದು ಬಂದಿದ್ದರೆ ಗ್ರೇಡ್ (ಆಯಿಲ್ ಎಷ್ಟು ದಪ್ಪ ಎನ್ನುವ ಅಂಕಿ) ಯಾವುದು ಹಾಕಿದ್ದಾರೆ ಎಂದು ವಿಚಾರಿಸಿ. 20ಡಬ್ಲ್ಯೂ-50 ಬೇಡುವ ಹಳೆಯ ಎಂಜಿನ್‌ಗೆ ಅದಕ್ಕಿಂತ ತೆಳುವಾದ 5ಡಬ್ಲ್ಯೂ-30 ಬಿದ್ದರೆ ಬಿಸಿಯಾದ ಮೇಲೆ ಒತ್ತಡ ಇಳಿದು, ಅಲ್ಲಿಯವರೆಗೆ ಮುಚ್ಚಿಕೊಂಡಿದ್ದ ಸವೆತವೆಲ್ಲ ಕಿವಿಗೆ ಬೀಳುತ್ತದೆ.

ಕಿವಿಗೊಡುವ ಮುನ್ನ ಜಾಗ್ರತೆ

ಸದ್ದಿನ ಜಾಗ ಹಿಡಿಯಲು ಮೆಕ್ಯಾನಿಕ್ ಸ್ಟೆತೊಸ್ಕೋಪ್ ಒಳ್ಳೆಯದು. ಇಲ್ಲದಿದ್ದರೆ ಉದ್ದನೆಯ ಸ್ಕ್ರೂಡ್ರೈವರ್ ಸಾಕು: ತುದಿಯನ್ನು ಎಂಜಿನ್‌ಗೆ ಒತ್ತಿ, ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ಆನಿಸಿ. ಗಾಳಿ ಸೋರುವ ಸದ್ದಿಗೆ ಇದು ಆಗದು. ಅದಕ್ಕೆ ಅರ್ಧ ಮೀಟರ್ ರಬ್ಬರ್ ಪೈಪಿನ ಒಂದು ತುದಿಯನ್ನು ಕಿವಿಯ ಬಳಿ ಹಿಡಿದು ಇನ್ನೊಂದನ್ನು ಅನುಮಾನದ ಜಾಗದ ಸುತ್ತ ಆಡಿಸಬೇಕು.

ಸಡಿಲ ತೋಳು, ಇಳಿಬಿದ್ದ ಕೂದಲು, ಕೊರಳ ಸರ, ಯಾವುದೂ ಬೆಲ್ಟ್ ಹತ್ತಿರ ಸುಳಿಯಬಾರದು. ರೇಡಿಯೇಟರ್‌ನ ಎಲೆಕ್ಟ್ರಿಕ್ ಫ್ಯಾನ್ ಎಂಜಿನ್ ಆಫ್ ಇದ್ದರೂ ತಾನಾಗಿ ತಿರುಗಬಹುದು. ಮುಚ್ಚಿದ ಶೆಡ್‌ನಲ್ಲಿ ಎಂಜಿನ್ ಓಡಿಸಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ. ಬಿಸಿ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಬರೀ ಜಾಕ್ ಮೇಲೆ ನಿಂತ ಕಾರಿನಡಿ ತಲೆ ಹಾಕಬೇಡಿ, ಸ್ಟ್ಯಾಂಡ್ ಬೇಕೇ ಬೇಕು.

ಸ್ಟಾರ್ಟ್ ಮಾಡಿದೊಡನೆ, ಲೈಟ್ ಹಾಕಿದೊಡನೆ ಕೀಂಯ್ ಎಂದು ಕಿರುಚುತ್ತದೆ

ಇದು ಬಹುಮಟ್ಟಿಗೆ ಬೆಲ್ಟ್. ಸ್ಟಾರ್ಟ್ ಆದ ಮೇಲೆ ಬ್ಯಾಟರಿ ತುಂಬಲು ಆಲ್ಟರ್ನೇಟರ್‌ಗೆ ಭಾರ ಬೀಳುತ್ತದೆ, ಆಗ ಸಡಿಲ ಬೆಲ್ಟ್ ಜಾರುತ್ತದೆ. ಎಂಜಿನ್ ಆಫ್ ಮಾಡಿ ನೋಡಿ: ಹಳೆಯ ‘ವಿ’ ಬೆಲ್ಟ್‌ಗೆ ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿಂದ ಒತ್ತಿದರೆ ಸುಮಾರು 10 ಮಿ.ಮೀ. ತಗ್ಗಬೇಕು. ಒಳಬದಿಯಲ್ಲಿ ಉದ್ದಕ್ಕೂ ಗೀರುಗಳಿರುವ ಅಗಲದ ಬೆಲ್ಟ್ ಆದರೆ ಗೀರುಗಳು ಹೊಳಪೇರಿವೆಯೇ, ಸವೆದಿವೆಯೇ, ಆಯಿಲ್ ಅಥವಾ ಕೂಲೆಂಟ್ ತೊಟ್ಟಿಕ್ಕಿದೆಯೇ ಎಂದು ನೋಡಿ. ಬಿರುಕಿಲ್ಲವೆಂದು ಸಮಾಧಾನಪಡಬೇಡಿ. ಈಗಿನ ಇಪಿಡಿಎಂ ರಬ್ಬರ್ ಬೆಲ್ಟ್‌ಗಳು ಬಿರುಕು ಬಿಡದೆಯೇ ಸವೆದು ಮುಗಿಯುತ್ತವೆ.

ಆಮೇಲೆ ನೀರಿನ ಪರೀಕ್ಷೆ. ಐಡ್ಲಿಂಗ್‌ನಲ್ಲಿ ಸ್ಪ್ರೇ ಬಾಟಲಿಯಿಂದ ದೂರ ನಿಂತು ಬೆಲ್ಟ್‌ನ ಗೀರಿನ ಬದಿಗೆ ಸ್ವಲ್ಪ ನೀರು ಚಿಮುಕಿಸಿ. ಕಿರುಚಾಟ ಇನ್ನೂ ಜೋರಾದರೆ ಬೆಲ್ಟ್ ಜಾರುತ್ತಿದೆ, ಟೆನ್ಶನ್ ಸಾಲದು. ಕೆಲವು ಸೆಕೆಂಡ್ ನಿಂತು ಮತ್ತೆ ಶುರುವಾದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ. ಇಂಥ ಕಡೆ ಹೊಸ ಬೆಲ್ಟ್ ಹಾಕಿದರೂ ಕೆಲವು ದಿನಕ್ಕೆ ಅದೇ ಹಾಡು. ಕಿರುಚಾಟಕ್ಕೆಂದು ಮಾರುವ ಬೆಲ್ಟ್ ಸ್ಪ್ರೇಗಳಿಂದ ದೂರವಿರಿ, ಅವು ಧೂಳು ಹಿಡಿದಿಟ್ಟು ಬೆಲ್ಟ್ ಕೆಡಿಸುತ್ತವೆ.

ಗರಗರ, ಗುಂಯ್‌ಗುಡುವಿಕೆ: ಆರ್‌ಪಿಎಂ ಏರಿದಂತೆ ಏರುತ್ತದೆ

ಬೆಲ್ಟ್ ತಿರುಗಿಸುವ ಯಾವುದೋ ಬೇರಿಂಗ್ ಹೋಗುತ್ತಿದೆ. ಯಾವುದೆಂದು ತಿಳಿಯಲು ಬೆಲ್ಟ್ ಕಳಚಿ, ಎಂಜಿನ್ ಅನ್ನು 20–30 ಸೆಕೆಂಡ್ ಮಾತ್ರ ಓಡಿಸಿ. ಸದ್ದು ಮಾಯವಾದರೆ ಒಂದೊಂದೇ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ, ಮುಂದೆ ಹಿಂದೆ ಅಲ್ಲಾಡಿಸಿ. ಒಳ್ಳೆಯ ಬೇರಿಂಗ್ ಸದ್ದಿಲ್ಲದೆ, ಬಿಗಿ ಸಡಿಲ ಇಲ್ಲದೆ ತಿರುಗುತ್ತದೆ. ಕೆಟ್ಟದ್ದು ಮರಳು ಬಿದ್ದಂತೆ ಬೆರಳಿಗೆ ತಿಳಿಯುತ್ತದೆ. ಈ ಪರೀಕ್ಷೆಯಲ್ಲಿ ವಾಟರ್ ಪಂಪ್ ನಿಂತಿರಬಹುದು, ಅದಕ್ಕೇ 30 ಸೆಕೆಂಡ್ ಮೀರಬಾರದು. ಕಾರನ್ನು ಕದಲಿಸಲೂಬಾರದು. ಕೆಲವು ಹಳೆಯ ಡೀಸೆಲ್‌ಗಳಲ್ಲಿ ಬ್ರೇಕ್‌ನ ವ್ಯಾಕ್ಯೂಮ್ ಪಂಪ್ ಆಲ್ಟರ್ನೇಟರ್ ಬೆನ್ನಿಗೇ ಇರುತ್ತದೆ, ಬೆಲ್ಟ್ ಇಲ್ಲದಿದ್ದರೆ ಬ್ರೇಕ್ ಪೆಡಲ್ ಕಲ್ಲಾಗುತ್ತದೆ.

ಬೆಲ್ಟ್ ಬಿಚ್ಚದೆಯೂ ಕೆಲವನ್ನು ಪತ್ತೆಹಚ್ಚಬಹುದು. ಎಸಿ ಹಾಕಿದೊಡನೆ ಗರಗರ ನಿಂತು, ಆಫ್ ಮಾಡಿದೊಡನೆ ಬಂದರೆ ಕಂಪ್ರೆಸರ್‌ನ ಪುಲ್ಲಿ ಬೇರಿಂಗ್ ಹೋಗಿದೆ. ಎಸಿ ಹಾಕಿದಾಗ ಪುಲ್ಲಿಯೂ ಒಳಗಿನ ಶಾಫ್ಟೂ ಒಟ್ಟಿಗೇ ತಿರುಗುವುದರಿಂದ ಆ ಬೇರಿಂಗ್‌ಗೆ ಕೆಲಸವಿರುವುದಿಲ್ಲ. ಎಸಿ ಹಾಕಿದಾಗ ಮಾತ್ರ ಸದ್ದಾದರೆ ಕಂಪ್ರೆಸರೇ ಕೆಟ್ಟಿದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ನರಳಿದರೆ ಪವರ್ ಸ್ಟೀರಿಂಗ್ ಪಂಪ್, ಮೊದಲು ಅದರ ಆಯಿಲ್ ಮಟ್ಟ ಮತ್ತು ನೊರೆ ನೋಡಿ. ವಾಟರ್ ಪಂಪ್‌ನ ಕೆಳಗೊಂದು ಸಣ್ಣ ತೂತಿದೆ. ಅಲ್ಲಿಂದ ಕೂಲೆಂಟ್ ಇಳಿದು ಬಿಳಿ ಅಥವಾ ಬಣ್ಣದ ಕಲೆ ಕಟ್ಟಿದ್ದರೆ ಸೀಲ್ ಹೋಗಿದೆ, ಬೇರಿಂಗ್ ಅದರ ಹಿಂದೆಯೇ ಹೋಗುತ್ತದೆ. ಇದನ್ನು ಮುಂದಿನ ತಿಂಗಳಿಗೆ ಹಾಕಬೇಡಿ. ಎಷ್ಟೋ ಎಂಜಿನ್‌ಗಳಲ್ಲಿ ವಾಟರ್ ಪಂಪನ್ನು ತಿರುಗಿಸುವುದು ಟೈಮಿಂಗ್ ಬೆಲ್ಟ್, ಅಂದರೆ ವಾಲ್ವ್‌ಗಳು ಹೊತ್ತಿಗೆ ಸರಿಯಾಗಿ ತೆರೆಯುವಂತೆ ನೋಡಿಕೊಳ್ಳುವ ಬೆಲ್ಟ್. ಪಂಪ್ ಜಾಮ್ ಆದರೆ ಆ ಬೆಲ್ಟ್ ಹರಿದು ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಬಾಗಬಹುದು.

ಮೇಲಿಂದ ಟಿಕ್ ಟಿಕ್

ಅತಿ ಹೆಚ್ಚು ಜನ ಗಾಬರಿಯಾಗುವುದು ಈ ಸದ್ದಿಗೆ, ಸುಮ್ಮಸುಮ್ಮನೆ ದುಡ್ಡು ಹೋಗುವುದೂ ಇಲ್ಲೇ. ಟಿಕ್ ಟಿಕ್‌ಗೆ ನಾಲ್ಕೈದು ಕಾರಣಗಳಿವೆ. ಅವುಗಳಲ್ಲಿ ಒಂದು ದೋಷವೇ ಅಲ್ಲ: ಪೆಟ್ರೋಲ್ ಚಿಮುಕಿಸುವ ಇಂಜೆಕ್ಟರ್‌ಗಳು ಹುಟ್ಟಿನಿಂದಲೇ ಚಿಕ್ಕದಾಗಿ, ವೇಗವಾಗಿ ಟಿಕ್‌ಗುಡುತ್ತವೆ. ಸ್ಕ್ರೂಡ್ರೈವರ್ ಹಿಡಿದು ಒಂದೊಂದನ್ನೂ ಕೇಳಿ, ಎಲ್ಲವೂ ಒಂದೇ ತೆರನಾಗಿದ್ದರೆ ಬಿಟ್ಟುಬಿಡಿ.

ವಾಲ್ವ್‌ಗಳನ್ನು ಒತ್ತಿ ತೆರೆಯುವ ಟ್ಯಾಪೆಟ್‌ಗಳ ಸದ್ದಿಗೆ ಒಂದು ಗುರುತಿದೆ. ಕ್ರ್ಯಾಂಕ್ ಎರಡು ಸುತ್ತು ಹಾಕಿದರೆ ಟ್ಯಾಪೆಟ್‌ಗಳನ್ನು ಆಡಿಸುವ ಕ್ಯಾಮ್ ಒಂದು ಸುತ್ತು. 800 ಆರ್‌ಪಿಎಂ ಐಡ್ಲಿಂಗ್‌ನಲ್ಲಿ ಒಂದು ಸಡಿಲ ಟ್ಯಾಪೆಟ್ ನಿಮಿಷಕ್ಕೆ 400 ಸಲ ಟಿಕ್ ಎನ್ನುತ್ತದೆ. ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಇರುವ ಕಾರಾದರೆ, ಪ್ಲಗ್ ಕಿಡಿ ಹಾರಿದಾಗಲೆಲ್ಲ ಮಿಂಚುವ ಟೈಮಿಂಗ್ ಲೈಟಿನ ಕ್ಲಿಪ್ಪನ್ನು ಒಂದನೇ ಪ್ಲಗ್ ವೈರ್‌ಗೆ ಹಾಕಿ. ಅದರ ಮಿಂಚೂ ಎರಡು ಸುತ್ತಿಗೊಮ್ಮೆ. ಟಿಕ್‌ಗೂ ಮಿಂಚಿಗೂ ಒಂದೇ ತಾಳವಿದ್ದರೆ ಮೂಲ ವಾಲ್ವ್‌ಗಳ ಕಡೆ ಇದೆ. ಮಿಂಚೊಂದಕ್ಕೆ ಎರಡು ಬಡಿತ ಬಂದರೆ ಕ್ರ್ಯಾಂಕ್ ಕಡೆಯದು, ಕೊನೆಯ ವಿಭಾಗಕ್ಕೆ ಹೋಗಿ.

ಹೈಡ್ರಾಲಿಕ್ ಲಿಫ್ಟರ್ ಇರುವ ಎಂಜಿನ್ ರಾತ್ರಿಯಿಡೀ ನಿಂತು ಬೆಳಗ್ಗೆ ಕೆಲವು ಸೆಕೆಂಡ್ ಟಿಕ್ ಎಂದರೆ ಚಿಂತೆ ಬೇಡ, ಒಳಗಿನ ಆಯಿಲ್ ಇಳಿದಿತ್ತು, ತುಂಬಿಕೊಳ್ಳುತ್ತಿದೆ. ಬಿಸಿಯಾದ ಮೇಲೂ ನಿಲ್ಲದಿದ್ದರೆ ಮೊದಲು ಸರಿಯಾದ ಗ್ರೇಡಿನ ಆಯಿಲ್, ಹೊಸ ಫಿಲ್ಟರ್. ಹಿಂದಿಳಿಯದಂತೆ ಆಯಿಲ್ ಹಿಡಿಯುವ ವಾಲ್ವ್ ಇಲ್ಲದ ಅಗ್ಗದ ಫಿಲ್ಟರ್‌ನಿಂದಲೂ ಬೆಳಗಿನ ಸದ್ದು ಬರುತ್ತದೆ. ಇಷ್ಟಾದ ಮೇಲೂ ಒಂದೇ ಜಾಗದಲ್ಲಿ ಉಳಿದರೆ ಆ ಲಿಫ್ಟರ್ ಬದಲಿಸಬೇಕು.

ಸ್ಕ್ರೂ ಹೊಂದಾಣಿಕೆಯ ಟ್ಯಾಪೆಟ್ ಆದರೆ ಅದರ ಸಂದು ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜ್ ಬೇಕು. ಹಲವು ಸಣ್ಣ ಪೆಟ್ರೋಲ್ ಎಂಜಿನ್‌ಗಳಲ್ಲಿ ತಣ್ಣಗಿದ್ದಾಗ ಇನ್‌ಲೆಟ್ 0.15ರಿಂದ 0.20 ಮಿ.ಮೀ., ಎಕ್ಸಾಸ್ಟ್ 0.20ರಿಂದ 0.30 ಮಿ.ಮೀ. ಆದರೆ ನಿಮ್ಮ ಕಾರಿನ ಕೈಪಿಡಿ ಹೇಳುವ ಅಂಕಿಯೇ ಅಂತಿಮ. ಆ ಸಿಲಿಂಡರ್‌ನ ಪಿಸ್ಟನ್ ಕಂಪ್ರೆಶನ್ ಕೊನೆಯಲ್ಲಿ ಮೇಲಿರುವಂತೆ ಕ್ರ್ಯಾಂಕ್ ತಿರುಗಿಸಿ, ಎರಡೂ ವಾಲ್ವ್ ಮುಚ್ಚಿವೆಯೆಂದು ಖಚಿತ ಮಾಡಿಕೊಂಡು ಅಳೆಯಿರಿ. ಗೇಜ್ ತುಸು ಹಿಡಿದಂತೆ ಎಳೆಯಬೇಕು. ಇಲ್ಲೊಂದು ಮೋಸವಿದೆ: ವಾಲ್ವನ್ನು ಒತ್ತುವ ತೋಳಿನ (ರಾಕರ್) ತುದಿ ವಾಲ್ವ್ ತಾಗುವ ಕಡೆ ಗುಳಿಬಿದ್ದು ಸವೆದಿದ್ದರೆ ಗೇಜ್ ಗುಳಿಯ ಅಂಚುಗಳ ಮೇಲೆ ಕೂರುತ್ತದೆ. ಅಳತೆ ಸರಿ ಕಾಣುತ್ತದೆ, ಸದ್ದು ಹಾಗೇ ಉಳಿಯುತ್ತದೆ. ಹಾಗೆಂದು ಇನ್ನಷ್ಟು ಬಿಗಿ ಮಾಡಿ ಸದ್ದು ಅಡಗಿಸಿದರೆ ಬಿಸಿಯಾದಾಗ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ವಾಲ್ವ್ ತನ್ನ ಬಿಸಿಯನ್ನು ಬಿಟ್ಟುಕೊಡುವುದು ಸೀಟ್‌ಗೆ ಕೂತಾಗ, ಕೂರದಿದ್ದರೆ ಸುಡುತ್ತದೆ. ಸ್ವಲ್ಪ ಸದ್ದು ಮಾಡುವ ಟ್ಯಾಪೆಟ್‌ಗಿಂತ ಸದ್ದೇ ಮಾಡದ ಟ್ಯಾಪೆಟ್‌ಗೆ ಹೆದರಬೇಕು.

ತಣ್ಣಗಿದ್ದಾಗ ಟಿಕ್ ಟಿಕ್, ಲೋಡ್ ಕೊಟ್ಟಾಗ ಜೋರು, 5–10 ನಿಮಿಷದಲ್ಲಿ ಮಾಯ ಎಂದಾದರೆ ಟ್ಯಾಪೆಟ್ ಮುಟ್ಟುವ ಮೊದಲು ಸಿಲಿಂಡರ್‌ಗಳ ಹೊಗೆ ಹೊರಗೊಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ನೋಡಿ. ಗ್ಯಾಸ್ಕೆಟ್ ಹರಿದಿರುತ್ತದೆ ಅಥವಾ ಕೊನೆಯ ಸ್ಟಡ್ ಮುರಿದಿರುತ್ತದೆ. ಲೋಹ ಬಿಸಿಯಾಗಿ ಹಿಗ್ಗಿದಾಗ ಸಂದು ಮುಚ್ಚಿಕೊಳ್ಳುತ್ತದೆ. ಸೋರುವ ಜಾಗದಲ್ಲಿ ಮಸಿಯ ಗೆರೆ ಇರುತ್ತದೆ. ಈ ಹೊಗೆ ಕ್ಯಾಬಿನ್‌ಗೆ ನುಗ್ಗಬಹುದು, ತಲೆನೋವು, ಮಂಪರು ಬಂದರೆ ಗಾಡಿ ನಿಲ್ಲಿಸಿ ಹೊರಗೆ ಬನ್ನಿ.

ಸಡಿಲ ಸ್ಪಾರ್ಕ್ ಪ್ಲಗ್ ಕೂಡ ಹೀಗೇ ಚಪ್ ಚಪ್ ಎನ್ನುತ್ತದೆ, ಅದರ ಬುಡದಲ್ಲಿ ಕಂದು ಜಿಡ್ಡಿರುತ್ತದೆ. ಪ್ಲಗ್ ವೈರ್‌ನಿಂದ ಕರೆಂಟ್ ಸೋರಿದರೆ ಚಟ್ ಚಟ್ ಜೊತೆಗೆ ಕತ್ತಲಲ್ಲಿ ನೀಲಿ ಕಿಡಿ ಕಾಣುತ್ತದೆ. ನೋಡಿ ಸಾಕು, ಮುಟ್ಟಬೇಡಿ.

ಸುಸ್ಸೆನ್ನುತ್ತದೆ, ಐಡ್ಲಿಂಗ್ ಏರುಪೇರು

ಇನ್‌ಟೇಕ್ ಕಡೆ ಗಾಳಿ ಎಳೆದುಕೊಳ್ಳುತ್ತಿದೆ. ಹಳೆಯ ಕಾರಿನಲ್ಲಿ ವ್ಯಾಕ್ಯೂಮ್ ಪೈಪ್‌ಗಳ ತುದಿ ಗಟ್ಟಿಯಾಗಿ ಸೀಳುತ್ತದೆ. ಒಂದೊಂದೇ ಪೈಪನ್ನು ಬೆರಳಿಂದ ಅದುಮಿ. ಸದ್ದು ನಿಂತು ಐಡ್ಲಿಂಗ್ ಬದಲಾದರೆ ಅದೇ ದಾರಿ. ಬ್ರೇಕ್ ಬೂಸ್ಟರ್‌ಗೆ ಹೋಗುವ ದಪ್ಪ ಪೈಪ್ ಸೀಳಿದ್ದರೆ ರಿಪೇರಿ ಆಗುವವರೆಗೆ ಓಡಿಸಬೇಡಿ. ಕಾರ್ಬ್ಯುರೇಟರ್ ಕ್ಲೀನರ್ ಚಿಮುಕಿಸಿ ಹುಡುಕುವ ಅಭ್ಯಾಸ ಹಲವರಿಗಿದೆ. ಬಿಸಿ ಎಕ್ಸಾಸ್ಟ್ ಪಕ್ಕದಲ್ಲಿ ಅದು ಬೆಂಕಿಗೆ ಆಹ್ವಾನ, ನೀರು ಚಿಮುಕಿಸಿದರೂ ಕೆಲಸ ಆಗುತ್ತದೆ.

ಒಂದು ನಿರ್ದಿಷ್ಟ ಆರ್‌ಪಿಎಂನಲ್ಲಿ ಮಾತ್ರ ಝಣಝಣ

ತಗಡು. ಸೈಲೆನ್ಸರ್ ಮೇಲಿನ ಶಾಖ ತಡೆಯುವ ತಗಡಿನ ಬೋಲ್ಟ್ ತುಕ್ಕು ಹಿಡಿದು ಕಳಚಿರುತ್ತದೆ. ಎಲ್ಲ ಪೂರ್ತಿ ತಣ್ಣಗಾದ ಮೇಲೆ ಕೈಯಿಂದ ತಟ್ಟಿ ನೋಡಿ. ಉದ್ದನೆಯ ಸ್ಟೀಲ್ ಹೋಸ್ ಕ್ಲಿಪ್ ಸುತ್ತಿ ಬಿಗಿದರೆ ಮುಗಿಯಿತು. ತಗಡನ್ನೇ ಕಿತ್ತೆಸೆಯಬೇಡಿ, ಅದು ಮೇಲಿನ ನೆಲಹಾಸು ಮತ್ತು ಪೈಪ್‌ಗಳನ್ನು ಕಾಯುತ್ತದೆ.

ಏರಿನಲ್ಲಿ, ಪಿಕಪ್ ಕೊಟ್ಟಾಗ ಕಿಣಿಕಿಣಿ

ಪೆಟ್ರೋಲ್ ಎಂಜಿನ್ ನಾಕಿಂಗ್. ಸಿಲಿಂಡರ್‌ನಲ್ಲಿ ಕಿಡಿಯಿಂದ ಹರಡುವ ಬೆಂಕಿ ತಲುಪುವ ಮೊದಲೇ ಉಳಿದ ಮಿಶ್ರಣ ತಾನಾಗಿ ಸಿಡಿಯುತ್ತಿದೆ. ಮೊದಲ ಔಷಧಿ ಗೇರ್ ಇಳಿಸುವುದು. ಕಡಿಮೆ ಆರ್‌ಪಿಎಂನಲ್ಲಿ ಪೆಡಲ್ ಪೂರ್ತಿ ತುಳಿದು ಎಳೆಸಿದರೆ ಸರಿಯಿರುವ ಎಂಜಿನ್ ಕೂಡ ನಾಕ್ ಆಗಬಹುದು. ಆಮೇಲೆ ಕೈಪಿಡಿ ಹೇಳುವ ಆಕ್ಟೇನ್‌ನ ಪೆಟ್ರೋಲ್, ಕೂಲೆಂಟ್ ಮಟ್ಟ, ಸರಿಯಾದ ಹೀಟ್ ರೇಂಜ್‌ನ ಪ್ಲಗ್, ಡಿಸ್ಟ್ರಿಬ್ಯೂಟರ್ ಇದ್ದರೆ ಇಗ್ನಿಷನ್ ಟೈಮಿಂಗ್. ಟೈಮಿಂಗ್ ಸರಿಯಿದ್ದೂ ಉಳಿದರೆ ಇಂಧನ ಕಡಿಮೆ ಬೀಳುತ್ತಿರಬಹುದು, ಸುಟ್ಟ ಹೊಗೆಯ ಒಂದಿಷ್ಟನ್ನು ಸಿಲಿಂಡರ್‌ಗೆ ಮರಳಿಸುವ ಇಜಿಆರ್ ವಾಲ್ವ್ ಕಟ್ಟಿರಬಹುದು, ಪಿಸ್ಟನ್ ತಲೆಗೆ ಇಂಗಾಲ ಕಟ್ಟಿರಬಹುದು. ಹೀಗೇ ತಿಂಗಳುಗಟ್ಟಲೆ ಓಡಿಸಿದರೆ ಪಿಸ್ಟನ್ ರಿಂಗ್ ನಡುವಿನ ಗೋಡೆ ಒಡೆಯುತ್ತದೆ.

ಡೀಸೆಲ್ ಎಂಜಿನ್‌ಗೆ ಕಟಕಟ ಸಹಜ. ಒಂದೇ ಸಿಲಿಂಡರ್ ಹೊಸದಾಗಿ ಬಡಿಯತೊಡಗಿದರೆ ಇಂಜೆಕ್ಟರ್ ಮೇಲೆ ಅನುಮಾನ. ಹಳೆಯ ಮೆಕ್ಯಾನಿಕಲ್ ಪಂಪಿನ ಎಂಜಿನ್‌ನಲ್ಲಿ ಇಂಜೆಕ್ಟರ್ ಪೈಪಿನ ನಟ್ ತುಸು ಸಡಿಲಿಸಿ ಯಾವ ಸಿಲಿಂಡರ್ ಎಂದು ಹಿಡಿಯುತ್ತಾರೆ. ಎಲ್ಲ ಇಂಜೆಕ್ಟರ್‌ಗಳಿಗೂ ಒಂದೇ ಭಾರೀ ಒತ್ತಡದ ಪೈಪಿನಿಂದ ಡೀಸೆಲ್ ಹೋಗುವ ಕಾಮನ್ ರೈಲ್ ಎಂಜಿನ್‌ನಲ್ಲಿ ಇದನ್ನು ಎಂದಿಗೂ ಮಾಡಕೂಡದು. ಅಲ್ಲಿನ ಒತ್ತಡ 1,000 ಬಾರ್ ಮೀರುತ್ತದೆ, ಚಿಮ್ಮುವ ಡೀಸೆಲ್ ಚರ್ಮ ಸೀಳಿ ಒಳಹೊಗುತ್ತದೆ. ಹಾಗಾದರೆ ಗಾಯ ಸಣ್ಣದು ಕಂಡರೂ ನೇರ ಆಸ್ಪತ್ರೆಗೆ.

ತಣ್ಣನೆಯ ಸ್ಟಾರ್ಟ್‌ನಲ್ಲಿ ಮಾತ್ರ

ಎಂಜಿನ್ನಿನ ಮುಂಭಾಗದಿಂದ ಒಂದೆರಡು ಸೆಕೆಂಡ್ ಲೊಟಲೊಟ ಎಂದರೆ ಟೈಮಿಂಗ್ ಚೈನನ್ನು ಬಿಗಿಹಿಡಿಯುವ ಟೆನ್ಶನರ್‌ಗೆ ಆಯಿಲ್ ಒತ್ತಡ ಬರುವ ತನಕದ ಸದ್ದು. ಅದು ವಾರದಿಂದ ವಾರಕ್ಕೆ ಉದ್ದವಾಗುತ್ತಿದ್ದರೆ, ಆಕ್ಸಿಲರೇಟರ್ ಬಿಟ್ಟಾಗಲೂ ಕೇಳಿದರೆ ಚೈನ್ ಉದ್ದವಾಗಿದೆ ಅಥವಾ ಗೈಡ್ ಒಡೆದಿದೆ. ಚೈನ್ ಹಲ್ಲು ಹಾರಿದರೆ ವಾಲ್ವ್ ಬಾಗಬಹುದು, ಆದ್ದರಿಂದ ಬೇಗ ತೋರಿಸಿ.

ನಡುಭಾಗದಿಂದ ಮಂದವಾದ ಟಪ್ ಟಪ್ ಬಂದು ಎಂಜಿನ್ ಬಿಸಿಯೇರುತ್ತ ಪೂರ್ತಿ ನಿಂತರೆ ಪಿಸ್ಟನ್ ಸ್ಲ್ಯಾಪ್. ಸವೆದ ಸಿಲಿಂಡರ್ ಬೋರ್‌ನಲ್ಲಿ ಪಿಸ್ಟನ್ ಓಲಾಡುತ್ತದೆ, ಬಿಸಿಗೆ ಹಿಗ್ಗಿದಾಗ ಸಂದು ತುಂಬುತ್ತದೆ. ಆಯಿಲ್ ಕುಡಿಯದಿದ್ದರೆ, ನೀಲಿ ಹೊಗೆ ಇಲ್ಲದಿದ್ದರೆ ಇದನ್ನಿಟ್ಟುಕೊಂಡು ವರ್ಷಗಟ್ಟಲೆ ಓಡಿಸಬಹುದು.

ಕ್ಲಚ್ ಒತ್ತಿದರೆ ಬದಲಾಗುತ್ತದೆ

ಒತ್ತಿದಾಗ ಗರಗರ ಬಂದರೆ ರಿಲೀಸ್ ಬೇರಿಂಗ್. ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟಾಗ ಬಂದು, ಒತ್ತಿದಾಗ ನಿಂತರೆ ಗೇರ್‌ಬಾಕ್ಸ್ ಇನ್‌ಪುಟ್ ಶಾಫ್ಟ್ ಬೇರಿಂಗ್. ಗೇರ್ ಹಾಕಿ ಹೊರಡುವಾಗ ಒಂದೇ ಸಲ ದಡ್ ಎಂದರೆ ಎಂಜಿನ್ ಮೌಂಟಿಂಗ್ ರಬ್ಬರ್. ಆಟೋಮ್ಯಾಟಿಕ್ ಕಾರಿನಲ್ಲಿ ಬಿರುಕುಬಿಟ್ಟ ಫ್ಲೆಕ್ಸ್ ಪ್ಲೇಟ್ (ಎಂಜಿನ್ನನ್ನು ಗೇರ್‌ಬಾಕ್ಸ್‌ಗೆ ಜೋಡಿಸುವ ತೆಳು ತಟ್ಟೆ) ಥೇಟ್ ಬಿಗ್ ಎಂಡ್ ಬೇರಿಂಗ್ ಹೋದಂತೆಯೇ ಬಡಿಯುತ್ತದೆ. ಎಂಜಿನ್ ಬಿಚ್ಚುವ ಮುನ್ನ ಕೆಳಗಿನ ಮುಚ್ಚಳ ತೆಗೆದು ಅದನ್ನು ನೋಡಲು ಹೇಳಿ.

ಕೆಳಗಿನಿಂದ ಭಾರವಾದ ಬಡಿತ

ಪಿಸ್ಟನ್‌ನ ಕಾನ್‌ರಾಡ್ (ಜೋಡುಕಡ್ಡಿ) ಕ್ರ್ಯಾಂಕ್ ಹಿಡಿಯುವ ಕಡೆಯ ಬಿಗ್ ಎಂಡ್ ಬೇರಿಂಗ್ ಸವೆದಾಗ ಬಡಿತ ಬಿಸಿ ಎಂಜಿನ್‌ನಲ್ಲಿ, ಆಯಿಲ್ ತೆಳುವಾದ ಮೇಲೆ ಹೆಚ್ಚುತ್ತದೆ. 2,000–2,500 ಆರ್‌ಪಿಎಂನಲ್ಲಿ ಹಿಡಿದು ಥಟ್ಟನೆ ಪೆಡಲ್ ಬಿಟ್ಟಾಗ ಗಡಗಡ ಎಂದು ಸ್ಪಷ್ಟವಾಗಿ ಕೇಳುತ್ತದೆ. ಕ್ರ್ಯಾಂಕನ್ನು ಹೊರುವ ಮೇನ್ ಬೇರಿಂಗ್‌ನದು ಇನ್ನೂ ಆಳದ, ಲೋಡ್ ಬಿದ್ದಾಗಿನ ಗುದ್ದು.

ಆಯಿಲ್ ಮಟ್ಟ ಸರಿಯಿದ್ದು, ದೀಪ ಹತ್ತದೆ, ಬಡಿತ ಇನ್ನೂ ಹಗುರವಾಗಿದ್ದರೆ ಮಾತ್ರ ಐಡ್ಲಿಂಗ್‌ನಲ್ಲಿ ಒಂದು ಪರೀಕ್ಷೆ. ಎಂಜಿನ್ ಆಫ್ ಮಾಡಿ ಒಂದು ಸಿಲಿಂಡರ್‌ನ ಇಂಜೆಕ್ಟರ್ ಕನೆಕ್ಟರ್ ಕಳಚಿ. ಕಾರ್ಬ್ಯುರೇಟರ್ ಕಾರಾದರೆ ಪ್ಲಗ್ ವೈರ್ ತೆಗೆದು, ಅದಕ್ಕೊಂದು ಬೇರೆ ಪ್ಲಗ್ ಸಿಕ್ಕಿಸಿ, ಪೆಟ್ರೋಲ್ ಪೈಪುಗಳಿಂದ ದೂರ ಎಂಜಿನ್ ಲೋಹಕ್ಕೆ ತಾಗಿಸಿಡಿ. ಸ್ಟಾರ್ಟ್ ಮಾಡಿ 10–15 ಸೆಕೆಂಡ್ ಕೇಳಿ ಆಫ್ ಮಾಡಿ. ಓಡುವಾಗ ವೈರ್ ಕೀಳಬೇಡಿ, ಅದರಲ್ಲಿ ಸಾವಿರಾರು ವೋಲ್ಟ್ ಇರುತ್ತದೆ. ಬಡಿತ ತಗ್ಗಿದರೆ ಬೇರಿಂಗ್ ಆ ಸಿಲಿಂಡರ್‌ನದು: ಸಿಡಿತವಿಲ್ಲದಿದ್ದಾಗ ಪಿಸ್ಟನ್ ಕಾನ್‌ರಾಡನ್ನು ಕೆಳಗೆ ಬಡಿಯುವುದಿಲ್ಲ. ಪಿಸ್ಟನ್ ಸ್ಲ್ಯಾಪ್ ಕೂಡ ಹೀಗೇ ತಗ್ಗುತ್ತದೆ, ಆದರೆ ಅದು ಬಿಸಿಯಾದ ಮೇಲೆ ಇರುವುದಿಲ್ಲ. ಟ್ಯಾಪೆಟ್ ಸದ್ದು ಈ ಪರೀಕ್ಷೆಯಿಂದ ಬದಲಾಗದು.

ಮುಂದಿನದು ಗ್ಯಾರೇಜಿನ ಕೆಲಸ. ಆಯಿಲ್ ಒತ್ತಡವನ್ನು ಮೆಕ್ಯಾನಿಕಲ್ ಗೇಜ್ ಹಾಕಿಯೇ ಅಳೆಯಲು ಹೇಳಿ. ಬಿಸಿ ಎಂಜಿನ್‌ನಲ್ಲಿ ಪ್ರತಿ 1,000 ಆರ್‌ಪಿಎಂಗೆ ಸುಮಾರು 10 ಪಿಎಸ್‌ಐ (0.7 ಬಾರ್) ಎಂಬುದು ಹಳೆಯ ಲೆಕ್ಕ. ಇಳಿಸಿದ ಆಯಿಲನ್ನು ಬಿಳಿ ಬಟ್ಟೆಯಲ್ಲಿ ಸೋಸಿ, ಫಿಲ್ಟರ್ ಕತ್ತರಿಸಿ ಕಾಗದ ಬಿಡಿಸಿ, ನಿಮ್ಮ ಕಣ್ಣೆದುರೇ ನೋಡಲಿ. ಅಯಸ್ಕಾಂತಕ್ಕೆ ಅಂಟುವ ಪುಡಿ ಕಬ್ಬಿಣದ್ದು, ಕ್ಯಾಮ್, ಚೈನ್ ಕಡೆಯದು. ಅಂಟದ ಬೂದು ಚಕ್ಕೆ, ತಾಮ್ರದ ಮಿನುಗು ಬೇರಿಂಗ್‌ನದು. ಬೇರಿಂಗ್ ಶೆಲ್ ಮಾತ್ರ ಬದಲಿಸಿ ಮುಚ್ಚಲು ಒಪ್ಪಬೇಡಿ. ಕ್ರ್ಯಾಂಕ್ ಜರ್ನಲ್‌ನಲ್ಲಿ (ಬೇರಿಂಗ್ ಕೂರುವ ಜಾಗ) ಉಗುರಿಗೆ ಸಿಗುವ ಗೀರಿದ್ದರೆ, ಅಥವಾ ಮೈಕ್ರೊಮೀಟರ್‌ನಲ್ಲಿ ಅದು ಮೊಟ್ಟೆಯಾಕಾರಕ್ಕೆ ಸವೆದಿದ್ದರೆ, ಗ್ರೈಂಡಿಂಗ್ ಮಾಡಿಸಿ 0.25 ಮಿ.ಮೀ. ಅಂಡರ್‌ಸೈಜ್ ಶೆಲ್ ಹಾಕಬೇಕು. ಇಲ್ಲದಿದ್ದರೆ ಹೊಸ ಶೆಲ್ ಬಹಳ ದಿನ ಬಾಳುವುದಿಲ್ಲ. ಯಾರಾದರೂ ‘ದಪ್ಪನೆಯ ಆಯಿಲ್ ಅಡಿಟಿವ್ ಹಾಕಿದರೆ ಸದ್ದು ಹೋಗುತ್ತದೆ’ ಎಂದರೆ ಅದು ನಿಜವೇ, ಸದ್ದು ತಗ್ಗುತ್ತದೆ. ಹಳೆಯ ಕಾರು ಮಾರುವವರು ಅದನ್ನು ಹಾಕುವುದೂ ಅದಕ್ಕೇ. ಕೊಳ್ಳುವ ಮುನ್ನ ಎಂಜಿನ್ ಚೆನ್ನಾಗಿ ಬಿಸಿಯಾಗಲು ಬಿಟ್ಟು, ಆಮೇಲೆ ಕಿವಿಗೊಡಿ.